ಕೈ ಎತ್ತುವ ಹೊತ್ತು

ನಮ್ಮೂರಿನಲ್ಲಿ ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿ, ಅಡುಗೆಮನೆಯ ನೆಲ ಒರೆಸಿದ ಮೇಲೆ, ನಾವು ಹೊತ್ತು ಎಂದು ಕರೆಯುವುದು ಬರುತ್ತಿತ್ತು. ನಮ್ಮಜ್ಜಿಯ ಕಾಲದಲ್ಲೂ ಆಗಲೇ, ಅವರಜ್ಜಿಯ ಕಾಲದಲ್ಲೂ ಆಗಲೇ. ಮೊದಲು ಕಿವಿ ಗಪ್ಪೆನ್ನುತ್ತದೆ, ಕೆರೆಯಲ್ಲಿ ಮುಳುಗು ಹಾಕಿದಾಗ ಆಗುವಂತೆ. ಬೀದಿಯ ಸದ್ದು, ಮನೆಯ ಸದ್ದು, ನಮ್ಮ ಉಸಿರಿನ ಸದ್ದು ಎಲ್ಲ ನಿಂತುಹೋಗುತ್ತದೆ. ಆಗ ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಅಂಗೈ ಬಿಚ್ಚಿ, ಕಣ್ಣು ಮುಚ್ಚಿ, ಅಲ್ಲಾಡದೆ ಇದ್ದುಬಿಡಬೇಕು. ಯಾವ ಕೆಲಸ ಅರ್ಧಕ್ಕಿರುತ್ತದೋ ಅದನ್ನು ಅದು ಒಯ್ಯುತ್ತದೆ. ಕೈ ಎತ್ತದೇ ಇದ್ದರೆ ಕೈಯನ್ನೂ ಒಯ್ಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಿಜವೋ ಸುಳ್ಳೋ, ಪರೀಕ್ಷೆ ಮಾಡಿ ನೋಡುವ ಹುಚ್ಚು ಯಾರಿಗೂ ಇರಲಿಲ್ಲ. ನಮ್ಮ ಮಕ್ಕಳು ನಡೆಯುವುದಕ್ಕೆ ಮೊದಲೇ ಕೈ ಎತ್ತುವುದನ್ನು ಕಲಿಯುತ್ತವೆ.

ಅದರಿಂದ ನಮಗೇನು ತೊಂದರೆಯಿತ್ತು? ಏನೂ ಇರಲಿಲ್ಲ. ಹೊತ್ತು ಬರುವಷ್ಟರಲ್ಲಿ ಊರಿಗೆ ಊರೇ ಕೆಲಸ ಮುಗಿಸಿ ಕೂತಿರುತ್ತಿತ್ತು. ನನ್ನ ಮಟ್ಟಿಗಂತೂ ಅದೇ ದಿನದ ಗೂಟ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ, ಆಮೇಲೆ ಹಾಲು, ತಿಂಡಿ, ನಮ್ಮ ಯಜಮಾನರ ಸ್ನಾನಕ್ಕೆ ನೀರು, ಬಟ್ಟೆ, ಅಡುಗೆ, ಊಟ, ಪಾತ್ರೆ. ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ನಾನು, ದಾಕ್ಷಾಯಿಣಿ, ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಹೊತ್ತಿಗೆ ಒಂದು ಸೌಟು ಸಾರನ್ನೂ ಕೊಟ್ಟವಳಲ್ಲ. ಪಕ್ಕದ ಮನೆಯ ಸಿದ್ದಗಂಗಕ್ಕ ಮಾತಿನ ಮಲ್ಲಿ, ಒಮ್ಮೆ ಮಾತಾಡುತ್ತಾ ಅರ್ಧ ಹೆಣೆದ ಸ್ವೆಟರನ್ನು ಕಳೆದುಕೊಂಡಿದ್ದಳು. ಬೀದಿಯವರೆಲ್ಲ ವರ್ಷಗಟ್ಟಲೆ ಅವಳನ್ನು ಆಡಿಕೊಂಡು ನಕ್ಕೆವು. ನಾನಂತೂ ತುಸು ಜಾಸ್ತಿಯೇ ನಕ್ಕೆ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ, ಕಾವಲಿಯ ಮೇಲೆ ದೋಸೆ ಹುಯ್ದಿದ್ದೆ, ಪಕ್ಕದ ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಕಿವಿ ಗಪ್ಪೆಂದಿತು. ನೆಗಡಿಯಿರಬೇಕು ಎಂದುಕೊಂಡೆ. ಆದರೆ ದೋಸೆಯ ಚುರ್‌ ಸದ್ದೂ ಇಲ್ಲ, ಮುಂದಿನ ಕೋಣೆಯಲ್ಲಿ ಯಜಮಾನರ ಹೊಲಿಗೆ ಯಂತ್ರದ ಸದ್ದೂ ಇಲ್ಲ. ನನ್ನ ಬುದ್ಧಿಗೆ ತಿಳಿಯುವ ಮೊದಲೇ ನನ್ನ ಕೈಗಳಿಗೆ ತಿಳಿದು, ಅವು ಮೇಲೆ ಹೋಗಿದ್ದವು. ಕಣ್ಣು ಬಿಟ್ಟಾಗ ಕಾವಲಿ ಬರಿದಾಗಿತ್ತು. ಹಾಲಿನ ಪಾತ್ರೆ ಅಂಗಡಿಯಿಂದ ಈಗ ತಂದ ಹಾಗೆ ಒಣಗಿಕೊಂಡು ಫಳಫಳ ಎನ್ನುತ್ತಿತ್ತು.

ಯಜಮಾನರು ಕತ್ತರಿ ಹಿಡಿದುಕೊಂಡೇ ಒಳಗೆ ಬಂದರು. "ಏನೇ ಇದು, ಮಿಷನ್ ಮೇಲೆ ರವಿಕೆ ಇತ್ತಲ್ಲೇ! ತೋಳು ಕೂಡಿಸ್ತಾ ಇದ್ದೆ. ತೋಳೂ ಇಲ್ಲ, ರವಿಕೇನೂ ಇಲ್ಲ."

ಅಷ್ಟರಲ್ಲಿ ಸಿದ್ದಗಂಗಕ್ಕ ಹಿತ್ತಿಲಿನಿಂದ ಓಡಿ ಬಂದಳು. ಕೂದಲನ್ನು ಎರಡು ಪಾಲು ಮಾಡಿ ಜಡೆ ಹೆಣೆಯುತ್ತಿದ್ದಳಂತೆ. ತಲೆಯ ಬಲಭಾಗದಲ್ಲಿ ಕೂದಲಿತ್ತು, ಎಡಭಾಗ ಬೋಳು. ಅವಳ ಮುಖ ನೋಡಿ, ದೇವರು ಕ್ಷಮಿಸಲಿ, ನನಗೆ ನಗು ಬಂದುಬಿಟ್ಟಿತು. ನಗು ಇನ್ನೂ ಬಾಯಲ್ಲಿರುವಾಗಲೇ ಎದುರುಮನೆಯಿಂದ ಜಯದೇವಿ ಕಿರುಚಿದ್ದು ಕೇಳಿಸಿತು.

ಜಯದೇವಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಒಂದು ಕೂಸು ಹುಟ್ಟಿತ್ತು. ಮಾಳಜ್ಜಿ ಎಂದಿನಂತೆ ಅದಕ್ಕೆ ಎರೆಯಲು ಬಂದಿದ್ದಳು. ನಮ್ಮ ಬೀದಿಯ ಎಲ್ಲ ಹೆರಿಗೆ ಮಾಡಿಸಿದವಳು, ಎಲ್ಲ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆದವಳು ಅವಳೇ. ನಾವು ಓಡಿಹೋಗಿ ನೋಡಿದರೆ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಎರಡೂ ಕೈ ಮೇಲೆತ್ತಿದ್ದಳು. ಅವಳ ಮೊಣಕಾಲಿನಿಂದ ಬಿಸಿನೀರು ಇನ್ನೂ ಇಳಿಯುತ್ತಿತ್ತು. ಕಾಲಿನ ಮೇಲೆ ಕೂಸು ಇರಲಿಲ್ಲ.

ಅಂದಿನಿಂದ ಹೊತ್ತಿಗೆ ಹೊತ್ತೇ ಇಲ್ಲವಾಯಿತು. ಒಂದು ದಿನ ಕೋಳಿ ಕೂಗುವಾಗ ಬಂದರೆ, ಮರುದಿನ ದೀಪ ಹಚ್ಚುವಾಗ. ದಿನಕ್ಕೆ ಒಂದೇ ಸಲ ಬರುತ್ತದೆ ಎನ್ನುವುದೊಂದೇ ಮೊದಲಿನ ಹಾಗೆ ಉಳಿದಿತ್ತು. ನಾವು ಅದನ್ನೇ ಹಿಡಿದುಕೊಂಡೆವು. ಅದು ಬರುವ ತನಕ ಊರೆಲ್ಲ ಉಸಿರು ಹಿಡಿದು ಕೂರುವುದು, ಬಂದು ಹೋದೊಡನೆ "ಬಂದು ಹೋಯ್ತು! ಬಂದು ಹೋಯ್ತು!" ಎಂದು ಒಬ್ಬರಿಗೊಬ್ಬರು ಕೂಗಿ, ಓಡಿಹೋಗಿ ಕೆಲಸಕ್ಕೆ ಬೀಳುವುದು. ಬೀದಿಯ ಅಷ್ಟೂ ಮನೆಗಳಲ್ಲಿ ಒಟ್ಟಿಗೇ ಕುಕ್ಕರ್ ಕೂಗುತ್ತಿತ್ತು, ಒಟ್ಟಿಗೇ ಒಗ್ಗರಣೆಯ ಘಾಟು ಏಳುತ್ತಿತ್ತು. ಹೊತ್ತು ಬಂದು ಹೋಗುವ ತನಕ ಆಸ್ಪತ್ರೆಯವರು ಬಾಗಿಲೇ ತೆಗೆಯುತ್ತಿರಲಿಲ್ಲ. ಬಸ್ಸಿನ ಡ್ರೈವರು ಸ್ಟೇರಿಂಗ್ ಮುಟ್ಟುತ್ತಿರಲಿಲ್ಲ. ಹೊತ್ತು ತಡವಾಗಿ ಬಂದ ದಿನ ಮಕ್ಕಳು ಪುರಿ, ಬಾಳೆಹಣ್ಣು ತಿಂದು ಹಾಗೇ ಮಲಗಿಬಿಡುತ್ತಿದ್ದವು. ಅದನ್ನೂ ಒಂದೊಂದೇ ತುತ್ತಾಗಿ ತಿನ್ನಬೇಕು, ಬಾಯಲ್ಲಿರುವುದನ್ನು ನುಂಗಿಯೇ ಇನ್ನೊಂದಕ್ಕೆ ಕೈ ಹಾಕಬೇಕು. ಸೀರೆ ಉಡುವುದನ್ನಂತೂ ನಾವೆಲ್ಲ ಬಿಟ್ಟೇಬಿಟ್ಟೆವು. ನೆರಿಗೆ ಹಿಡಿಯುವಾಗ ಬಂದರೆ ಗತಿಯೇನು? ಊರಿನ ಹೆಂಗಸರೆಲ್ಲ ನೈಟಿಗೆ ಇಳಿದರು.

ಏನು ಹೋಗುತ್ತದೆ, ಏನು ಉಳಿಯುತ್ತದೆ ಎನ್ನುವುದನ್ನು ನಾವು ಕಳೆದುಕೊಂಡೇ ಕಲಿತೆವು. ಕಾಯಲು ಇಟ್ಟ ಹಾಲು ಹೋಯಿತು, ಹೆಪ್ಪು ಹಾಕಿದ ಹಾಲು ಉಳಿಯಿತು. ಹಿಂಡುತ್ತಿದ್ದ ಬಟ್ಟೆ ಹೋಯಿತು, ಒಣಗುತ್ತಿದ್ದ ಬಟ್ಟೆ ಉಳಿಯಿತು. ಅದರಷ್ಟಕ್ಕೆ ಅದು ಆಗುವಂಥದ್ದನ್ನು ಹೊತ್ತು ಮುಟ್ಟುವುದಿಲ್ಲ, ನಾವು ಮಾಡುತ್ತಿರುವುದನ್ನು ಬಿಡುವುದಿಲ್ಲ. ಇಷ್ಟು ಗೊತ್ತಾದ ಮೇಲೆ ನಾನು ಮನೆಗೆಲಸವನ್ನು ಹೊಸದಾಗಿ ಕಟ್ಟಲು ಕೂತೆ. ದೊಡ್ಡ ಕೆಲಸಗಳೆಲ್ಲ, ಅಡುಗೆ, ಒಗೆತ, ಸ್ನಾನ, ಹೊತ್ತು ಹೋದ ಮೇಲಿನ ಪಾಲಿಗೆ. ಅದಕ್ಕೆ ಮುಂಚೆ ಚೂರುಪಾರು. ಒಂದು ಹುರುಳಿಕಾಯಿ ತೆಗೆದುಕೊಂಡು ಮುರಿದು ಬಟ್ಟಲಿಗೆ ಹಾಕುವುದು, ಕೈ ಬಿಡುವುದು. ಆಮೇಲೆ ಇನ್ನೊಂದು. ಕಸ ಗುಡಿಸುವುದಾದರೆ ಒಂದು ಮೂಲೆ ಗುಡಿಸಿ, ಎತ್ತಿ ಹಾಕಿ, ಪೊರಕೆ ಇಟ್ಟು, ಆಮೇಲೆ ಇನ್ನೊಂದು ಮೂಲೆ. ಮೊದಮೊದಲು ಅಳುವೇ ಬರುತ್ತಿತ್ತು. ಕೆಲಸದ ಓಟವೇ ಹೋಗಿ, ಎಲ್ಲ ಚೂರುಚೂರಾಗಿತ್ತು. ಯಜಮಾನರೂ ಒಂದು ಗುಂಡಿ ಹಾಕಿ ದಾರ ಕತ್ತರಿಸಿ, ಕೈ ಕಟ್ಟಿ ಕೂತು, ಇನ್ನೊಂದು ಗುಂಡಿ ಹಾಕುತ್ತಿದ್ದರು. ಮಾತೂ ಹಾಗೇ ಆಯಿತು. ಇಬ್ಬರೂ ಒಂದು ಮಾತು ಆಡಿ ಸುಮ್ಮನಾಗುತ್ತಿದ್ದೆವು.

ಇಷ್ಟೆಲ್ಲ ಮಾಡಿದರೂ ಹೊಟ್ಟೆಯಲ್ಲಿ ಕೂತ ಭಯ ಏಳಲಿಲ್ಲ. ಯಾಕೆಂದರೆ ಮನೆಯಲ್ಲಿ ಮಗಳು ಕಲಾ ಇದ್ದಳು. ಏಳು ತುಂಬಿದಾಗ ಬಾಣಂತನಕ್ಕೆಂದು ಕರೆದುಕೊಂಡು ಬಂದಿದ್ದೆವು, ಹೊತ್ತು ಕೆಡುವ ಮುಂಚೆ. ಅವಳು ಗೋಡೆಗೆ ಒರಗಿ ಕೂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

"ಹಾಗ್ ನೋಡ್ಬೇಡಮ್ಮ" ಎಂದಳು ಒಂದು ದಿನ. "ನನ್ನೇ ಅರ್ಧಕ್ಕೆ ನಿಂತ ಕೆಲಸದ ಥರ ನೋಡ್ತೀಯಲ್ಲ."

"ಬಿಡ್ತು ಅನ್ನು" ಎಂದು ಗದರಿದೆ. "ಹೊಟ್ಟೇಲಿರೋದು ಮೊಸರು ಹೆಪ್ಪಾದ ಹಾಗೆ. ಅದರಷ್ಟಕ್ಕೆ ಅದು ಆಗುತ್ತೆ. ಅದನ್ನ ಯಾರೂ ಒಯ್ಯಲ್ಲ."

"ಮತ್ತೆ ಹೆರೋವಾಗ?"

ಮೊದಲಿನ ಕಾಲದಲ್ಲಾದರೆ ಹೊತ್ತು ಯಾವಾಗ ಬರುತ್ತದೆಂದು ಗೊತ್ತಿತ್ತು. ಸೂಲಗಿತ್ತಿಯರು ಅದಕ್ಕೆ ಮುಂಚೆಯೋ ಆಮೇಲೋ ಹೆರಿಗೆ ಮಾಡಿಸುತ್ತಿದ್ದರು, ನಡುವೆ ಬಸುರಿ ಸುಮ್ಮನೆ ಮಲಗಿರಬೇಕಿತ್ತು. ಈಗ ಹೇಗೆ? ದಿನ ತುಂಬುವ ಮುಂಚೆ, ಹೊತ್ತು ಬೇಗ ಬಂದು ಹೋದ ಒಂದು ದಿನ ನೋಡಿ ಬಸ್ಸು ಹತ್ತಿಸಿ, ಈ ಹೊತ್ತಿನ ಕಾಟವಿಲ್ಲದ ಗಂಡನ ಊರಿಗೆ ಕಳಿಸುವುದೆಂದು ತೀರ್ಮಾನ ಮಾಡಿದೆವು. ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಮಾಳಜ್ಜಿಯನ್ನೂ ಹೋಗಿ ಕಂಡೆ.

ಎದುರುಮನೆಯಲ್ಲಿ ಹಾಗಾದ ಮೇಲೆ ಅವಳು ಯಾರ ಮನೆಗೂ ಹೋಗುತ್ತಿರಲಿಲ್ಲ. ಜಗಲಿಯ ಮೇಲೆ ಕೂತು, ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದಳು. "ಬಂದು ಹೋದ ಮೇಲಾದ್ರೆ ಬರ್ತೀನಿ ತಾಯಿ" ಎಂದಳು. "ಮುಂಚೆ ಆದ್ರೆ ಬಂದು ಪಕ್ಕದಲ್ಲಿ ಕೂತ್ಕೋತೀನಿ ಅಷ್ಟೆ. ಮುಟ್ಟಲ್ಲ. ನನ್ನ ಕಾಲಿನ ಮೇಲೆ ಆ ಕೂಸಿನ ಭಾರ ಇನ್ನೂ ಹಂಗೇ ಇದೆ." ನಾನು ಹ್ಞೂಂ ಎಂದು ಬಂದೆ.

ನಾವು ಎಣಿಸಿದ ಹಾಗೆ ಯಾವುದು ತಾನೇ ಆಗುತ್ತದೆ? ಕಲಾಳಿಗೆ ನೋವು ಮುಂಚೆಯೇ ಬಂತು. ಬೆಳಿಗ್ಗೆ ನಾನು ಬಟ್ಟಲಿಗೆ ಹುರುಳಿಕಾಯಿ ಮುರಿದು ಹಾಕುತ್ತಿದ್ದಾಗ, "ಅಮ್ಮಾ" ಎಂದು ಗೋಡೆ ಹಿಡಿದುಕೊಂಡು ನಿಂತಳು. ಅಂದು ಹೊತ್ತು ಇನ್ನೂ ಬಂದಿರಲಿಲ್ಲ. ಯಜಮಾನರು ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ ಮಾಳಜ್ಜಿಯನ್ನು ಕರೆದುತಂದರು. ಅವಳು ಕೊಟ್ಟ ಮಾತಿನಂತೆ ಚಾಪೆಯ ಪಕ್ಕದಲ್ಲಿ ಕೂತಳು, ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು.

"ನೋವು ತಾನಾಗೇ ಬರೋದು, ಅದಕ್ಕೇನೂ ಆಗಲ್ಲ" ಎಂದಳು. "ಆದ್ರೆ ತಳ್ಳಬೇಡ ಮಗಳೇ. ತಳ್ಳೋಕೆ ಶುರು ಮಾಡಿದ್ರೆ ಅದು ಕೆಲಸ. ಬಂದು ಹೋಗ್ಲಿ, ಆಮೇಲೆ ಒಂದೇ ಸಲಕ್ಕೆ ಮುಗಿಸಿಬಿಡೋಣ."

ಕಾಯುತ್ತಾ ಕೂತೆವು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ಮತ್ತೆ ಹೊರಗೆ ಹೋಯಿತು. ಬೀದಿಗೆ ಸುದ್ದಿ ಹಬ್ಬಿತ್ತು. ಯಾರ ಮನೆಯಲ್ಲೂ ಒಲೆ ಹತ್ತಿರಲಿಲ್ಲ, ಎಲ್ಲರೂ ತಂತಮ್ಮ ಬಾಗಿಲಲ್ಲಿ ನಿಂತು ಹೊತ್ತು ಬರಲಿ ಎಂದು ಕಾಯುತ್ತಿದ್ದರು. ಎಂದಾದರೂ ಉಂಟೇ, ಆ ಹಾಳು ಹೊತ್ತು ಬೇಗ ಬರಲಪ್ಪಾ ಎಂದು ಊರೆಲ್ಲ ಬೇಡಿಕೊಳ್ಳುವುದು! ಸಿದ್ದಗಂಗಕ್ಕ ತಲೆಗೆ ಟವಲು ಸುತ್ತಿಕೊಂಡು ಕಿಟಕಿಯಲ್ಲಿ ಇಣುಕಿ, "ಇನ್ನೇನು ಬಂದೇಬಿಡುತ್ತೆ ಕಣೇ ದಾಕ್ಷಾಯಿಣಿ, ಧೈರ್ಯ ತಗೋ" ಎಂದು ಹತ್ತು ಸಲ ಹೇಳಿದಳು. ಹತ್ತು ಸಲವೂ ಅದು ಬರಲಿಲ್ಲ.

ನಡುವೆ ಎದುರುಮನೆಯ ಬಾಗಿಲು ತೆರೆದು ಜಯದೇವಿ ಬಂದಳು. ಕೂಸು ಹೋದ ಮೇಲೆ ಅವಳು ಹೊಸ್ತಿಲು ದಾಟಿದ್ದನ್ನು ನಾವು ನೋಡಿರಲಿಲ್ಲ. ಕಲಾಳ ಹಿಂದೆ ಕೂತು, ಅವಳ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡಳು. ನಾನು ತುಸು ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.

"ಅಮ್ಮಾ, ತಡೆಯೋಕಾಗ್ತಿಲ್ಲ" ಎಂದಳು ಕಲಾ. ಮುಖವೆಲ್ಲ ಬೆವರು, ತುಟಿ ಕಚ್ಚಿ ಕಚ್ಚಿ ರಕ್ತ ಬಂದಿತ್ತು. "ನಾನಾಗಿ ತಳ್ತಿಲ್ಲಮ್ಮ, ಅದೇ ತಳ್ಳುತ್ತೆ."

"ಉಸಿರು ಬಿಡು, ಬಾಯಲ್ಲಿ ಉಸಿರು ಬಿಡು, ತಡಿ" ಎಂದಳು ಮಾಳಜ್ಜಿ. ಆಮೇಲೆ ಬಗ್ಗಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ತಲೆ ಕಾಣಿಸ್ತಿದೆ."

"ಮತ್ತೆ ಹಿಡ್ಕೊಳ್ಳಿ ಅಜ್ಜಿ!" ಎಂದೆ ನಾನು.

"ನಾ ಮುಟ್ಟಲ್ಲ. ಇನ್ನೂ ಬಂದಿಲ್ಲ ಅದು."

"ಹೀಗೇ ಬಿಟ್ಟರೆ?"

"ಹೀಗೇ ಬಿಟ್ಟರೆ ಕೂಸು ಉಸಿರುಗಟ್ಟುತ್ತೆ" ಎಂದಳು ಮಾಳಜ್ಜಿ. ಸುಳ್ಳು ಹೇಳುವವಳಲ್ಲ ಅವಳು. "ಮುಟ್ಟಿದ್ರೆ ಒಯ್ಯುತ್ತೆ. ನನ್ನ ಕೇಳ್ಬೇಡ ತಾಯಿ. ನನ್ನ ಕೇಳ್ಬೇಡ." ಕಂಕುಳಲ್ಲಿದ್ದ ಕೈಗಳನ್ನು ಇನ್ನೂ ಬಿಗಿಯಾಗಿ ಅದುಮಿಕೊಂಡು ಅಳತೊಡಗಿದಳು.

ನಾನು ಎಷ್ಟು ಹೊತ್ತು ಯೋಚಿಸಿದೆನೋ ಗೊತ್ತಿಲ್ಲ. ಯೋಚಿಸಿದೆ ಎನ್ನುವುದೂ ಸುಳ್ಳೇ. ಇಷ್ಟು ದಿನ ಒಂದೊಂದು ಹುರುಳಿಕಾಯಿಯನ್ನೂ ಮುರಿದಿಟ್ಟು ಜೋಪಾನ ಮಾಡಿದವಳು, ಈ ಕೆಲಸವನ್ನು ಹೇಗೆ ಚೂರು ಮಾಡಲಿ? ಇದನ್ನು ಶುರುಮಾಡಿದರೆ ಕೊನೆ ಮುಟ್ಟಿಸಲೇಬೇಕು. ಶುರುಮಾಡದಿದ್ದರೂ ಕೂಸು ಉಳಿಯುವುದಿಲ್ಲ.

"ಸರೀರಿ ಅಜ್ಜಿ ಆ ಕಡೆ" ಎಂದೆ. ಅವಳು ಕೂತಿದ್ದ ಜಾಗದಲ್ಲಿ ಮಂಡಿಯೂರಿ, ಕೈ ನೀಡಿದೆ. "ಕಲಾ, ಈಗ ತಳ್ಳು. ನಾನಿದೀನಿ, ತಳ್ಳೇ."

ಅಷ್ಟು ಹೊತ್ತು ತಡೆದದ್ದನ್ನೆಲ್ಲ ಸೇರಿಸಿ ಅವಳು ತಳ್ಳಿದಳು. "ಹಾಗೇ, ಹಾಗೇ ನನ್ನ ಕಂದಾ" ಎನ್ನುತ್ತಿದ್ದೆ. ತಲೆ ನನ್ನ ಅಂಗೈಗೆ ಬಂತು. ಬಿಸಿಯಾಗಿ, ಒದ್ದೆಯಾಗಿ, ಸಣ್ಣ ತೆಂಗಿನಕಾಯಿಯಷ್ಟು ತಲೆ. "ಇನ್ನೊಂದೇ ಸಲ" ಎಂದೆ. ಹಾಗೆಂದದ್ದು ನನಗೇ ಕೇಳಿಸಲಿಲ್ಲ.

ಕಿವಿ ಗಪ್ಪೆಂದಿತ್ತು.

ಹೊತ್ತು ಬಂದಿತ್ತು. ಕಲಾಳ ಬಾಯಿ ತೆರೆದಿತ್ತು, ಸದ್ದಿಲ್ಲ. ಅವಳು ತಳ್ಳುವುದನ್ನು ನಿಲ್ಲಿಸಿ, ಚಾಪೆಯನ್ನು ಬಿಟ್ಟು ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿದಳು. ಈ ಊರಿನ ಮಗಳಲ್ಲವೇ, ಅವಳು ಬೇರೆ ಏನು ಕಲಿತಿದ್ದಳು? ಬೆನ್ನು ಹಿಡಿದಿದ್ದ ಜಯದೇವಿಯ ಕೈಗಳು ಮೇಲೆ ಹೋದವು. ಮೂಲೆಯಲ್ಲಿ ಮಾಳಜ್ಜಿಯ ಕೈಗಳು ಮೇಲೆ ಹೋದವು. ನನ್ನ ಕೈಗಳೂ, ಹಾಳಾದವು, ನನ್ನನ್ನು ಕೇಳದೆ ಕೂಸಿನ ತಲೆಯನ್ನು ಬಿಟ್ಟು ಏಳತೊಡಗಿದವು.

ಆದರೆ ನಾನು ಕಣ್ಣು ಮುಚ್ಚಿರಲಿಲ್ಲ. ಕೂಸಿನ ತಲೆ ಇನ್ನೂ ಅಲ್ಲೇ ಇತ್ತು. ಹೋಗಿರಲಿಲ್ಲ. ಇನ್ನೂ ಹೋಗಿರಲಿಲ್ಲ! ಕಿವಿ ಮುಚ್ಚುವುದಕ್ಕೂ ಅದು ಒಯ್ಯುವುದಕ್ಕೂ ನಡುವೆ ಸಂದು ಇತ್ತು. ನಾವು ಹುಟ್ಟಿದಾಗಿನಿಂದ ಕಣ್ಣು ಮುಚ್ಚಿಕೊಂಡು ಕಳೆಯುತ್ತಿದ್ದ ಸಂದು. ಎಷ್ಟು ದೊಡ್ಡದೋ ಯಾರಿಗೆ ಗೊತ್ತು?

ಏಳುತ್ತಿದ್ದ ಕೈಗಳನ್ನು ಕೆಳಗೆ ತಂದೆ. ಒಲ್ಲೆ ಒಲ್ಲೆ ಎಂದು ಮತ್ತೆ ಮೇಲಕ್ಕೇ ಎಳೆಯುತ್ತಿದ್ದವು. ಹೋದರೆ ಹೋಗಲಿ ಎರಡೂ ಕೈ, ನನಗಿನ್ನು ಅವುಗಳಿಂದ ಏನಾಗಬೇಕು ಎಂದುಕೊಂಡೆ. ಒಂದು ಕೈಯಲ್ಲಿ ತಲೆಯನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕಲಾಳ ತೊಡೆಗೆ ಬಾರಿಸಿದೆ. ಅವಳಿಗೆ ಕೈ ಎತ್ತಿ ಹೊಡೆದವಳಲ್ಲ ನಾನು. ಆ ಏಟಿಗೆ ಅವಳು ಕಣ್ಣು ಬಿಟ್ಟಳು. ತಳ್ಳು ಎಂದು ಕಿರುಚಿದೆ, ಸದ್ದಿಲ್ಲದ ಕಿರುಚು. ಅವಳು ನನ್ನ ಬಾಯಿ ನೋಡಿದಳು, ಕೆಳಗೆ ನನ್ನ ಕೈ ನೋಡಿದಳು. ಅವಳ ಹಿಂದಿನಿಂದ ಜಯದೇವಿಯೂ ಕಣ್ಣು ಬಿಟ್ಟು ನೋಡಿದಳು. ಜಯದೇವಿ ಎತ್ತಿದ್ದ ಕೈಗಳನ್ನು ಇಳಿಸಿದಳು. ಕಲಾಳ ಎರಡೂ ಮುಂಗೈ ಹಿಡಿದು ಕೆಳಗೆಳೆದು, ಅವಳನ್ನು ತನ್ನ ಎದೆಗೆ ಗಟ್ಟಿಯಾಗಿ ಅವುಚಿಕೊಂಡಳು.

ಕಲಾ ತಳ್ಳಿದಳು. ಕತ್ತಿನ ನರಗಳು ಉಬ್ಬಿದವು. ಒಂದು ಭುಜ ಜಾರಿತು, ಇನ್ನೊಂದು ಭುಜ ಜಾರಿತು, ಆಮೇಲೆ ಇಡೀ ಕೂಸು ಒಮ್ಮೆಗೇ ನನ್ನ ಮಡಿಲಿಗೆ ಬಂದು ಬಿತ್ತು. ಬೆರಳುಗಳು ಹೋದವೋ ಇವೆಯೋ ನೋಡಲು ನನಗೆ ಪುರಸೊತ್ತಿರಲಿಲ್ಲ. ಕೂಸನ್ನು ಸೆರಗಿನಲ್ಲಿ ಎಂದುಕೊಂಡು, ಸೆರಗಿಲ್ಲವಲ್ಲ ಎಂದು ನೆನಪಾಗಿ, ನೈಟಿಯ ಮಡಿಕೆಯಲ್ಲೇ ಸುತ್ತಿ ಎದೆಗೆ ಒತ್ತಿಕೊಂಡೆ. ಒಯ್ಯುವುದಾದರೆ ನನ್ನನ್ನೂ ಸೇರಿಸಿ ಒಯ್ಯಲಿ.

ಆದರೂ ಕಿವಿ ಬಿಡಲಿಲ್ಲ. ಅಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಕೂಸು ಅಳುತ್ತಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಅದರ ಎದೆ ಏಳುತ್ತಿದೆಯೋ, ನನ್ನ ಎದೆಯೇ ಹೊಡೆದುಕೊಂಡು ಹಾಗೆನಿಸುತ್ತಿದೆಯೋ ಅದೂ ತಿಳಿಯಲಿಲ್ಲ. ಹಿಡಿದಿರುವ ಭಾರ ನಿಜವಾದದ್ದೋ, ಅಥವಾ ಮಾಳಜ್ಜಿಯ ಕಾಲಿನ ಮೇಲೆ ಉಳಿದ ಭಾರದಂಥದ್ದೋ? ಬಗ್ಗಿ ನೋಡಲು ಧೈರ್ಯ ಸಾಲಲಿಲ್ಲ. ಮಡಿಕೆ ಬಿಚ್ಚಿದಾಗ ಅಲ್ಲಿ ಏನೂ ಇಲ್ಲದಿದ್ದರೆ? ಹಾಗೇ ಎದುರಿನ ಗೋಡೆಯನ್ನೇ ನೋಡುತ್ತಾ, ಶಿವನೇ ಶಿವನೇ ಎನ್ನುತ್ತಾ ಕೂತೆ.

ಆಮೇಲೆ ಕಿವಿ ಬಿಟ್ಟುಕೊಂಡಿತು. ಮೊದಲು ಕೇಳಿಸಿದ್ದು ಅಳು. ಶುರುವಾಗುತ್ತಿರುವ ಅಳುವಲ್ಲ, ಆಗಲೇ ಶುರುವಾಗಿ, ಅತ್ತು ಅತ್ತು ಗಂಟಲು ಕೆರೆದುಕೊಂಡಿದ್ದ ಅಳು. ಅದರ ಮೊದಲರ್ಧವನ್ನು ನಾವು ಯಾರೂ ಕೇಳಿಲ್ಲ. ಅದನ್ನು ಅವುಚಿಕೊಂಡಿದ್ದ ನನ್ನ ಕೈಗಳೂ ಇದ್ದಲ್ಲೇ ಇದ್ದವು. ಬೀದಿಯಲ್ಲಿ "ಬಂದು ಹೋಯ್ತು!" ಎಂದು ಯಾರೂ ಕೂಗಲಿಲ್ಲ. ಮಾಳಜ್ಜಿ ಕೈ ಎತ್ತಿಕೊಂಡೇ ಅಳುತ್ತಿದ್ದಳು. ಗಂಡೋ ಹೆಣ್ಣೋ ಎಂದು ಯಾರೂ ಕೇಳಲಿಲ್ಲ.

ಕಲಾ ಜಯದೇವಿಯ ತೋಳಿನ ಮೇಲೆ ತಲೆ ಇಟ್ಟುಕೊಂಡು, ಕಣ್ಣು ಬಿಡದೆ ಕೇಳಿದಳು: "ಇದ್ಯಾ ಅಮ್ಮ?"

ನನಗಿಂತ ಮೊದಲು ಜಯದೇವಿ ಬಾಯಿ ಬಿಟ್ಟಳು.

"ಇದೆ ಕಣೇ" ಎಂದಳು. "ಇದೆ."